ಲೆನ್ಸ್ ಫ್ಲೇರ್ ಹಾಕಿದ್ಮೇಲೆ ಶಾಟ್ ಇನ್ನೂ ಜಾಸ್ತಿ ನಕಲಿ ಕಾಣ್ತಿದೆ, ಯಾಕೆ?

ತ್ರೀಡಿ_ಹುಚ್ಚ
ನಮಸ್ಕಾರ ಎಲ್ರಿಗೂ. ಸಣ್ಣದೊಂದು ಸಿಜಿ (ಕಂಪ್ಯೂಟರ್ ಗ್ರಾಫಿಕ್ಸ್) ಶಾಟ್ ಮಾಡ್ತಿದೀನಿ, ಪೂರ್ತಿ ಬ್ಲೆಂಡರ್ ಅನ್ನೋ ತ್ರೀಡಿ ಸಾಫ್ಟ್‌ವೇರ್‌ನಲ್ಲೇ. ಒಂದು ಗ್ರಹ, ಅದರ ಕತ್ತಲೆ ಅಂಚಿಂದ ಸೂರ್ಯ ಮೇಲೆ ಬರ್ತಾನೆ, ಮುಂದೆ ಒಂದು ನೌಕೆ ನಿಧಾನಕ್ಕೆ ಹಾದು ಹೋಗುತ್ತೆ, ಹಿಂದೆ ರಾಶಿ ನಕ್ಷತ್ರ. ಮಾಡೆಲ್ಲು, ಟೆಕ್ಸ್ಚರ್ರು ಚೆನ್ನಾಗಿದೆ ಅಂತಾನೇ ಎಲ್ರೂ ಹೇಳೋದು, ಆದ್ರೆ ಕೊನೇಲಿ "ಕಂಪ್ಯೂಟರ್‌ದು ಅಂತ ಗೊತ್ತಾಗುತ್ತೆ, ತೀರಾ ಕ್ಲೀನು" ಅಂತ ಒಂದು ಮಾತು ಸೇರಿಸ್ತಾರೆ. ಸರಿ, ನಿಜವಾದ ಕ್ಯಾಮೆರಾದಲ್ಲಿ ತೆಗೆದಂಗೆ ಕಾಣ್ಲಿ ಅಂತ ಆಫ್ಟರ್ ಎಫೆಕ್ಟ್ಸ್‌ಗೆ ತಗೊಂಡೋಗಿ ಅದರ ಜೊತೆಗೇ ಬರೋ ಲೆನ್ಸ್ ಫ್ಲೇರ್ (ಜೋರು ಬೆಳಕು ಲೆನ್ಸಿಗೆ ಹೊಡೆದಾಗ ಚಿತ್ರದ ಮೇಲೆ ಕಾಣೋ ಹೊಳಪು, ಬಣ್ಣದ ಚುಕ್ಕೆಗಳ ಸಾಲು) ಹಾಕ್ದೆ, 50-300 ಎಂಎಂ ಜೂಮ್ ಅಂತ ಇರುತ್ತಲ್ಲ ಅದು. ಈಗ ನೋಡಿದ್ರೆ ಮೊದಲಿಗಿಂತ ನಕಲಿ. ದೊಡ್ಡ ಸಿನಿಮಾದವ್ರು ಇದೇ ಫ್ಲೇರ್ ಹಾಕಿ ನಂಬಿಸ್ತಾರೆ, ನಂದ್ಯಾಕೆ ಸ್ಟಿಕ್ಕರ್ ಅಂಟಿಸಿದಂಗೆ ಕಾಣುತ್ತೆ? ದುಡ್ಡು ಕೊಟ್ಟು ಬೇರೆ ಪ್ಲಗಿನ್ ತಗೋಬೇಕಾ?

ನೋಡ್_ಮೇಷ್ಟ್ರು
ಪ್ಲಗಿನ್ ಆಮೇಲೆ ನೋಡೋಣ. ರೆಂಡರ್ ಯಾವ ಫೈಲ್ ಫಾರ್ಮ್ಯಾಟ್‌ನಲ್ಲಿ ತೆಗೆದ್ರಿ, ಪಿಎನ್‌ಜಿನಾ ಇಎಕ್ಸ್‌ಆರ್ರಾ?

ತ್ರೀಡಿ_ಹುಚ್ಚ
ಪಿಎನ್‌ಜಿ ಮೇಷ್ಟ್ರೇ. ಫೈಲ್ ಸಣ್ಣದಿರುತ್ತೆ ಅಂತ.

ನೋಡ್_ಮೇಷ್ಟ್ರು
ಹಾಂ, ಅರ್ಧ ರೋಗ ಅಲ್ಲೇ ಇದೆ. ಪಿಎನ್‌ಜಿಲಿ ಬಿಳಿ ಅಂದ್ರೆ 1, ಅದರ ಮೇಲೆ ಜಾಗ ಇಲ್ಲ. ನಿಮ್ಮ ನೌಕೆ ಮೇಲಿನ ಬಿಳಿ ಪೇಂಟೂ 1, ಸೂರ್ಯನೂ 1. ಕಂಪೋಸಿಟಿಂಗ್ (ಚಿತ್ರದ ಪದರಗಳನ್ನ ಜೋಡಿಸೋ) ಸಾಫ್ಟ್‌ವೇರ್‌ಗೆ ಎರಡರ ಮಧ್ಯ ವ್ಯತ್ಯಾಸಾನೇ ಗೊತ್ತಾಗಲ್ಲ, ಗ್ಲೋ ಹಾಕಿದ್ರೆ ಎರಡೂ ಒಂದೇ ಥರ ಹೊಳೀತವೆ, ಬ್ಲರ್ ಹಾಕಿದ್ರೆ ಸೂರ್ಯ ಬೂದು ಬಣ್ಣಕ್ಕೆ ತಿರುಗ್ತಾನೆ. ಇಎಕ್ಸ್‌ಆರ್‌ನಲ್ಲಿ ಸೂರ್ಯನಿಗೆ ಸಾವಿರ, ಹತ್ತು ಸಾವಿರ ಎಷ್ಟು ಬೇಕಾದ್ರೂ ಬೆಲೆ ಕೂರುತ್ತೆ. ಫ್ಲೇರು, ಬ್ಲೂಮು (ಪ್ರಖರ ಜಾಗದ ಸುತ್ತ ಹರಡೋ ಹೊಳಪು) ಎಲ್ಲಾ ಆ ಸಂಖ್ಯೆಯಿಂದ ಹುಟ್ಟಬೇಕು. ಆಮೇಲೆ ಲೀನಿಯರ್‌ನಲ್ಲಿ (ಬೆಲೆಗಳು ಬೆಳಕಿನ ಪ್ರಮಾಣಕ್ಕೆ ತಕ್ಕಂಗಿರೋ ಥರ) ಕೆಲ್ಸ ಮಾಡಿ, ಫ್ಲೇರನ್ನ ಪ್ಲಸ್ ಮೋಡ್‌ನಲ್ಲಿ, ಅಂದ್ರೆ ಬೆಲೆಗಳನ್ನ ನೇರ ಕೂಡಿಸೋ ಮೋಡ್‌ನಲ್ಲಿ ಸೇರಿಸಿ. ಲೆನ್ಸ್ ಒಳಗೆ ದಾರಿ ತಪ್ಪಿದ ಬೆಳಕು ಸೆನ್ಸರ್ ಮೇಲೆ ಬಿದ್ದಾಗ ಇರೋ ಬೆಳಕಿಗೆ ಕೂಡುತ್ತೆ ಅಷ್ಟೇ, ಅಲ್ಲಿ ಸ್ಕ್ರೀನ್ ಮೋಡ್ (1 ದಾಟದಂಗೆ ಬೆರೆಸೋದು) ಅನ್ನೋದೇ ಇಲ್ಲ.

ಸುಮ್ನೆ_ಪ್ರೇಕ್ಷಕ
ಮಧ್ಯ ಬಾಯಿ ಹಾಕ್ತೀನಿ ಕ್ಷಮಿಸಿ, ನಾನು ಈ ಫೀಲ್ಡಿನವನಲ್ಲ, ಸಿನಿಮಾ ನೋಡೋನು ಅಷ್ಟೇ. ಫ್ಲೇರ್ ಅಂದ್ರೆ ಲೆನ್ಸಿನ ದೋಷ ತಾನೆ? ಕಂಪ್ಯೂಟರ್‌ನಲ್ಲಿ ಲೆನ್ಸೇ ಇಲ್ಲ. ಇಲ್ಲದ ಗಾಜಿನ ದೋಷಾನ ಯಾಕೆ ಕಷ್ಟಪಟ್ಟು ತಂದು ಹಾಕ್ತೀರಾ, ಮತ್ತೆ ಅದಕ್ಕೆ ರಿಯಲಿಸಂ ಅಂತ ಬೇರೆ ಹೆಸರು! ನನ್ನ ಕಣ್ಣಿಗೆ ಸೂರ್ಯನ ಮುಂದೆ ಷಟ್ಕೋನಗಳ ಸಾಲು ಯಾವತ್ತೂ ಕಂಡಿಲ್ಲ.

ಕ್ಯಾಮೆರಾ_ಕಣ್ಣು
ಹಹಹ, ಪ್ರೇಕ್ಷಕರೇ ನಮ್ಮ ಕಡೆ ಬನ್ನಿ, ನಾವು ಸೆಟ್‌ನಲ್ಲಿ ದಿನಪೂರ್ತಿ ಈ ಫ್ಲೇರ್ ಓಡಿಸೋದ್ರಲ್ಲೇ ಇರ್ತೀವಿ. ಮ್ಯಾಟ್ ಬಾಕ್ಸ್ (ಲೆನ್ಸ್ ಮುಂದಿನ ಮರೆ) ಹಾಕು, ಫ್ಲ್ಯಾಗ್ (ಬೆಳಕು ತಡೆಯೋ ಕಪ್ಪು ಬಟ್ಟೆ) ಹಿಡಿ, ಸ್ವಲ್ಪ ಎಡಕ್ಕೆ, ಇನ್ನೂ ಎಡಕ್ಕೆ, ಲೆನ್ಸ್ ಮೇಲೆ ನೆರಳು ಬಿತ್ತಾ ನೋಡು, ಹಿಂಗೇ. ವಿಎಫ್‌ಎಕ್ಸ್ (ವಿಷುವಲ್ ಎಫೆಕ್ಟ್ಸ್) ಸೂಪರ್‌ವೈಸರ್ ಇದ್ದರಂತೂ ಇನ್ನೂ ಸ್ಟ್ರಿಕ್ಟು, ಹಸಿರು ಪರದೆ ಮೇಲೆ ಫ್ಲೇರ್ ಬಿದ್ರೆ ಕೀಯಿಂಗ್ (ಹಸಿರು ತೆಗೆದು ಬೇರೆ ಹಿನ್ನೆಲೆ ಕೂರಿಸೋದು) ಹಾಳಾಗುತ್ತೆ, ಕ್ಲೀನಾಗಿ ಕೊಡಿ ಅಂತ. ನಾವು ಒದ್ದಾಡಿ ಕ್ಲೀನ್ ಪ್ಲೇಟ್ (ಕ್ಯಾಮೆರಾದಲ್ಲಿ ತೆಗೆದ ಅಸಲಿ ಚಿತ್ರ) ಕೊಟ್ರೆ ಆರು ತಿಂಗಳಾದ್ಮೇಲೆ ಸಿನಿಮಾದಲ್ಲಿ ಅದೇ ಜಾಗದಲ್ಲಿ ದೊಡ್ಡದೊಂದು ಕಂಪ್ಯೂಟರ್ ಫ್ಲೇರು!

ಹಳೇ ಕಾಲದಲ್ಲಿ ಫ್ಲೇರ್ ಬಿದ್ದ ಟೇಕ್ ಅಂದ್ರೆ ರಿಜೆಕ್ಟ್, ಅಷ್ಟೇ. 1960ರ ದಶಕದ ಕೊನೇಲಿ ಅದು ಬದಲಾಯ್ತು. 1967ರ ಕೂಲ್ ಹ್ಯಾಂಡ್ ಲ್ಯೂಕ್‌ನಲ್ಲಿ ಕಾನ್ರಾಡ್ ಹಾಲ್, 1969ರ ಈಸಿ ರೈಡರ್‌ನಲ್ಲಿ ಲಾಸ್ಲೋ ಕೋವಾಚ್, ಈ ಇಬ್ರು ಛಾಯಾಗ್ರಾಹಕರೂ ಬಿಸಿಲು ನೇರ ಲೆನ್ಸಿಗೆ ಹೊಡೆದಿದ್ದನ್ನ ಹಂಗೇ ಬಿಟ್ರು. ಆಮೇಲಿಂದ ಜನಕ್ಕೆ ಫ್ಲೇರ್ ಕಂಡ್ರೆ ಬಿಸಿಲು, ಧೂಳು, ನಿಜವಾದ ರಸ್ತೆ, ಅಲ್ಲಿ ನಿಜವಾಗ್ಲೂ ಒಂದು ಕ್ಯಾಮೆರಾ ಇತ್ತು ಅನ್ನೋ ನೆನಪು ಕೂತುಬಿಡ್ತು. ಸಿಜಿಯವ್ರು ಸಾಲ ತಗೊಂಡಿರೋದು ಆ ನೆನಪನ್ನ.

ಪಿಕ್ಸೆಲ್_ಪುಟ್ಟಿ
ಕಣ್ಣಿನ ವಿಷ್ಯ ಬಂತಲ್ಲ ಅದಕ್ಕೆ. ಕಣ್ಣಿಗೂ ಗ್ಲೇರ್ ಇದೆ, ರಾತ್ರಿ ಎದುರಿಂದ ಬರೋ ಹೆಡ್‌ಲೈಟ್ ಸುತ್ತ ಪ್ರಭೆ, ಗೆರೆಗೆರೆ ಕಿರಣ ಕಾಣುತ್ತಲ್ಲ ಅದು ಕಣ್ಣೊಳಗೇ ಬೆಳಕು ಚದುರಿ ಆಗೋದು. ಆದ್ರೆ ಸಾಲು ಸಾಲು ಬಹುಭುಜಗಳು ಕ್ಯಾಮೆರಾದ್ದು ಮಾತ್ರ. ನಾನು ಗೇಮ್ ಕಡೆ ಕೆಲ್ಸ ಮಾಡೋದು, ಅಲ್ಲಿ ಈ ಜಗಳ ಮುಗಿಯೋದೇ ಇಲ್ಲ. ಫಸ್ಟ್ ಪರ್ಸನ್ ಗೇಮ್ ಅಂದ್ರೆ ನೋಡ್ತಿರೋದು ಪಾತ್ರದ ಕಣ್ಣು, ಅದರ ಮೇಲೆ ಲೆನ್ಸ್ ಫ್ಲೇರು, ಲೆನ್ಸ್ ಮೇಲಿನ ಧೂಳು, ಮಳೆ ಹನಿ ಎಲ್ಲಾ ಹಾಕ್ತಾರೆ, ಹಂಗಾದ್ರೆ ಹೀರೋ ತಲೆ ಒಳಗೆ ಹ್ಯಾಂಡಿಕ್ಯಾಮ್ ಇದೆಯಾ ಅಂತ ನಾನು ಕೇಳ್ತಾನೇ ಇರ್ತೀನಿ, ಆರ್ಟ್ ಡೈರೆಕ್ಟರ್ ನಗ್ತಾರೆ, ಮತ್ತೆ ಹಾಕಿಸ್ತಾರೆ.

ಗಾಜುಗಣಿತ
ಫಿಸಿಕ್ಸ್ ಸ್ವಲ್ಪ ಹೇಳಿಬಿಡ್ತೀನಿ, ಉದ್ದ ಆಗುತ್ತೆ.

ಕೋಟಿಂಗ್ (ಪ್ರತಿಫಲನ ಕಮ್ಮಿ ಮಾಡೋ ತೆಳು ಲೇಪ) ಇಲ್ಲದ ಗಾಜಿನ ಪ್ರತಿ ಮೇಲ್ಮೈ ಬಿದ್ದ ಬೆಳಕಲ್ಲಿ ಸುಮಾರು 4% ವಾಪಸ್ ತಳ್ಳುತ್ತೆ. ಲೆನ್ಸ್ ಒಳಗೆ ಹಿಂಗೆ ವಾಪಸ್ ಹೋದ ಬೆಳಕು ಮುಂದಿನ ಇನ್ನೊಂದು ಮೇಲ್ಮೈಗೆ ತಾಗಿ ಮತ್ತೆ ತಿರುಗಿ ಸೆನ್ಸರ್ ಕಡೆ ಬಂದ್ರೆ ಅದೇ ಒಂದು ಘೋಸ್ಟ್. ಅಂದ್ರೆ ಪ್ರತಿ ಎರಡು ಮೇಲ್ಮೈ ಜೋಡಿಗೆ ಒಂದು ಘೋಸ್ಟು. ಜೂಮ್ ಲೆನ್ಸ್‌ನಲ್ಲಿ 30 ಮೇಲ್ಮೈ ಇದ್ರೆ 435 ಜೋಡಿ. ಅದರಲ್ಲಿ ಬಹಳಷ್ಟು ಕಣ್ಣಿಗೆ ಕಾಣದಷ್ಟು ಮಂಕು, ಕೆಲವು ಮಾತ್ರ ಎದ್ದು ಕಾಣ್ತವೆ.

ಈಗ ಅಂದಾಜು ಲೆಕ್ಕ. ಎರಡು ಸಲ 4% ಅಂದ್ರೆ 0.16%. ಇಷ್ಟು ಕಮ್ಮಿ ಬೆಳಕು ಹೆಂಗೆ ಕಾಣುತ್ತೆ ಅಂತ ಕೇಳಿದ್ರೆ, ಬಿಸಿಲಲ್ಲಿಟ್ಟ ಬಿಳಿ ಹಾಳೆಗಿಂತ ಸೂರ್ಯನ ಬಿಂಬ ಸುಮಾರು 50,000 ಪಟ್ಟು ಪ್ರಖರ. ಅದರ 0.16% ಅಂದ್ರೆ ಬಿಳಿ ಹಾಳೆಯ 80 ಪಟ್ಟು. ಆದ್ರೆ 50 ಎಂಎಂ ಲೆನ್ಸ್‌ನಲ್ಲಿ ಸೂರ್ಯನ ಬಿಂಬ ಸೆನ್ಸರ್ ಮೇಲೆ ಅರ್ಧ ಮಿಲಿಮೀಟರ್ ಹತ್ತಿರ, ಘೋಸ್ಟ್ 5 ಮಿಲಿಮೀಟರ್ ಅಗಲಕ್ಕೆ ಹರಡಿದ್ರೆ ವಿಸ್ತೀರ್ಣ 100 ಪಟ್ಟು, ಹಂಗಾಗಿ ಉಳಿಯೋದು ಬಿಳಿಯ 0.8ರಷ್ಟು. ಕಣ್ಣಿಗೆ ರಾಚುತ್ತೆ. ಅದೇ ಒಳ್ಳೇ ಮಲ್ಟಿಕೋಟಿಂಗ್ ಇದ್ದು ಪ್ರತಿ ಮೇಲ್ಮೈ 0.5% ಮಾತ್ರ ತಳ್ಳುತ್ತೆ ಅಂದ್ಕೊಳ್ಳಿ, ಅದೇ ಘೋಸ್ಟ್ ಬಿಳಿಯ 0.0125ಕ್ಕೆ ಇಳಿಯುತ್ತೆ. ಕತ್ತಲೆ ಹಿನ್ನೆಲೆ ಮೇಲೆ ಮಾತ್ರ ಮಬ್ಬುಮಬ್ಬಾಗಿ ಕಾಣುತ್ತೆ. ಝೈಸ್ ಕಂಪನಿಯ ಸ್ಮಾಕುಲಾ ಕೋಟಿಂಗ್‌ಗೆ ಪೇಟೆಂಟ್ ತಗೊಂಡಿದ್ದು 1935ರಲ್ಲಿ, ಅದು ಬರದೇ ಇದ್ದಿದ್ರೆ ಅಷ್ಟೊಂದು ಗಾಜಿನ ಜೂಮ್ ಲೆನ್ಸ್‌ಗಳು ಉಪಯೋಗಕ್ಕೇ ಬರ್ತಿರ್ಲಿಲ್ಲ.

ಆದ್ದರಿಂದ ಯಾರಾದ್ರೂ ಪ್ರಿಸೆಟ್ (ಮೊದಲೇ ಮಾಡಿಟ್ಟ ಸೆಟ್ಟಿಂಗ್) ಒತ್ತಿ ಎಲ್ಲಾ ಘೋಸ್ಟೂ ಒಂದೇ ಸಮ ಹೊಳೆಯೋ ಥರ, ಒಂದೇ ಅಂತರದಲ್ಲಿ, ಒಂದೇ ಅಂಚಿನ ಮೃದುತನದಲ್ಲಿ ಹಾಕಿದ್ರೆ ಮೆದುಳು ತಕ್ಷಣ ಬೇಡ ಅನ್ನುತ್ತೆ. ನಿಜವಾದದ್ರಲ್ಲಿ ಎರಡು ಸಿಕ್ಕಾಪಟ್ಟೆ ದೊಡ್ಡದು, ಒಂದು ಚುಕ್ಕೆ, ಒಂದು ಅರ್ಧ ಕತ್ತರಿಸಿ ಹೋಗಿರುತ್ತೆ ಯಾಕಂದ್ರೆ ಲೆನ್ಸ್ ಬ್ಯಾರೆಲ್ ಅಡ್ಡ ಬಂದಿರುತ್ತೆ, ಕೋಟಿಂಗ್ ಉಳಿಸಿದ ಬಣ್ಣಕ್ಕೆ ತಕ್ಕಂಗೆ ಒಂದು ಹಸಿರು ಒಂದು ನೇರಳೆ.

ಸುಮ್ನೆ_ಪ್ರೇಕ್ಷಕ
ಗಣಿತ ಅರ್ಧ ತಲೆ ಮೇಲಿಂದ ಹೋಯ್ತು ಆದ್ರೆ 435 ಅನ್ನೋದು ಮಜಾ ಇದೆ.

ತ್ರೀಡಿ_ಹುಚ್ಚ
ಗಾಜುಗಣಿತ ಸರ್ ಕೈ ಮುಗಿದೆ. ಹಂಗಾದ್ರೆ ಪ್ರತಿ ಶಾಟ್‌ಗೂ ಲೆನ್ಸ್ ಒಳಗೆಲ್ಲಾ ರೇ ಟ್ರೇಸ್ (ಪ್ರತಿ ಕಿರಣದ ದಾರಿ ಲೆಕ್ಕ ಹಾಕೋದು) ಮಾಡ್ಬೇಕಾ? ನನ್ನ ಗ್ರಾಫಿಕ್ಸ್ ಕಾರ್ಡ್ ಹೊಗೆ ಬರುತ್ತೆ.

ಗಾಜುಗಣಿತ
ಮಾಡಬಹುದು, ಮಾಡಿದ್ದಾರೂ ಕೂಡ. 2011ರ ಸಿಗ್ರಾಫ್ ಅನ್ನೋ ಗ್ರಾಫಿಕ್ಸ್ ಸಮ್ಮೇಳನದಲ್ಲಿ ಹುಲ್ಲಿನ್, ಐಸೆಮನ್ ಮತ್ತವರ ಜೊತೆಯವರು ನಿಜವಾದ ಲೆನ್ಸ್ ವಿನ್ಯಾಸ ತಗೊಂಡು ಪ್ರತಿ ಘೋಸ್ಟ್‌ಗೆ ವಿರಳವಾದ ಕಿರಣಗಳ ಒಂದು ಬಲೆ ಮಾತ್ರ ಕಳಿಸಿ, ಮಧ್ಯದ ಜಾಗ ಜಿಪಿಯುನಿಂದ ತುಂಬಿಸಿ ರಿಯಲ್ ಟೈಮ್‌ನಲ್ಲೇ ಫ್ಲೇರ್ ತೋರಿಸಿದ್ರು. ನಿಮಗೆ ಅಷ್ಟೆಲ್ಲಾ ಬೇಡ. ಒಂದೇ ಲೆನ್ಸ್ ಅಂತ ಮನಸಲ್ಲಿ ಫಿಕ್ಸ್ ಮಾಡ್ಕೊಂಡು ಅದರ ನಿಯಮ ಮುರೀಬೇಡಿ.

ನೋಡ್_ಮೇಷ್ಟ್ರು
ಅದೇ ಮುಖ್ಯ. ನನ್ನ ಹತ್ರ ಶಾಟ್ ಚೆಕ್ ಮಾಡಿಸೋಕೆ ಬರೋ ಹುಡುಗ್ರ ಫ್ಲೇರ್ ನೋಡಿದ ಕೂಡ್ಲೇ ನಾನು ಹುಡುಕೋದು ನಿಯಮ ಎಲ್ಲಿ ಮುರಿದಿದೆ ಅಂತ. ಎಲ್ರೂ ಮುರಿಯೋದು ಎರಡು ಮೂರು ಜಾಗದಲ್ಲೇ.

ಮೊದಲನೇದು ಅಪರ್ಚರ್, ಅಂದ್ರೆ ಲೆನ್ಸ್ ಒಳಗೆ ಬೆಳಕು ಬಿಡೋ ಕಿಂಡಿ. ಹಿನ್ನೆಲೆ ಪೂರ್ತಿ ಕರಗಿಹೋಗಿರುತ್ತೆ, ಅಂದ್ರೆ ಅಪರ್ಚರ್ ಪೂರಾ ತೆರೆದಿದೆ, ಎಫ್ 1.4 ಅಂತ ಇಟ್ಕೊಳ್ಳಿ. ಆದ್ರೆ ಫ್ಲೇರ್‌ನಲ್ಲಿ ಚೂಪು ಚೂಪು ಷಟ್ಕೋನ, ಸೂರ್ಯನ ಸುತ್ತ ಆರು ಮೊನೆಯ ನಕ್ಷತ್ರ! ಷಟ್ಕೋನ ಬರೋದು ಅಪರ್ಚರ್ ಬ್ಲೇಡು ಮುಚ್ಕೊಂಡಾಗ, ಆರು ಬ್ಲೇಡಿದ್ರೆ ಆರು ಮೊನೆ, ಏಳು ಬ್ಲೇಡಿದ್ರೆ ಹದಿನಾಲ್ಕು. ಪೂರಾ ತೆರೆದಾಗ ಘೋಸ್ಟ್ ದುಂಡಗಿರುತ್ತೆ, ಆ ಮೊನೆಗಳೂ ಮಾಯ. ಒಂದೇ ಫ್ರೇಮ್‌ನಲ್ಲಿ ಎರಡು ಬೇರೆ ಬೇರೆ ಅಪರ್ಚರ್ ಇರೋಕೆ ಸಾಧ್ಯ ಇಲ್ಲ.

ಇನ್ನೊಂದು, ಮಧ್ಯಬಿಂದು. ಗೋಳಾಕಾರದ ಗಾಜಿನ ಮಾಮೂಲಿ ಲೆನ್ಸ್‌ನಲ್ಲಿ ಎಲ್ಲಾ ಘೋಸ್ಟೂ ದೀಪ ಮತ್ತೆ ಲೆನ್ಸಿನ ಮಧ್ಯಬಿಂದು ಸೇರಿಸೋ ಗೆರೆ ಮೇಲೇ ಕೂರಬೇಕು, ದೀಪ ಎಡಕ್ಕೆ ಹೋದ್ರೆ ಸುಮಾರು ಘೋಸ್ಟ್‌ಗಳು ಬಲಕ್ಕೆ ಓಡಬೇಕು. ಇದನ್ನ ಪ್ಲಗಿನ್ನೇ ಮಾಡುತ್ತೆ ಸರಿ, ಆದ್ರೆ ಅದು ನಿಮ್ಮ ಫ್ರೇಮಿನ ಮಧ್ಯಾನ ಲೆನ್ಸಿನ ಮಧ್ಯ ಅಂದ್ಕೊಂಡಿರುತ್ತೆ. ಎಡಿಟ್‌ನಲ್ಲಿ ಯಾರಾದ್ರೂ ಶಾಟ್ ಕ್ರಾಪ್ ಮಾಡಿ ಒಂದು ಪಕ್ಕಕ್ಕೆ ಸರಿಸಿದ್ದರೆ ಗೆರೆ ತಪ್ಪು ಜಾಗದಿಂದ ಹಾದು ಹೋಗುತ್ತೆ. ಪಕ್ಕದ ಶಾಟ್‌ನಲ್ಲಿ ನಿಜವಾದ ಫ್ಲೇರ್ ಇದ್ದರಂತೂ ಮುಗೀತು. ಅದಕ್ಕೆ ಕ್ರಾಪ್ ಮಾಡೋಕೆ ಮುಂಚೆ, ಪೂರ್ತಿ ಫ್ರೇಮಿನಲ್ಲೇ ಫ್ಲೇರ್ ಹಾಕಿ.

ಮತ್ತೆ ಮರೆ ಆಗೋದು. ನೌಕೆ ಸೂರ್ಯನ ಮುಂದೆ ಬಂದಾಗ ಫ್ಲೇರ್ ಪಟ್ ಅಂತ ಆಫ್ ಆಗಬಾರದು. ಸೂರ್ಯ ಚುಕ್ಕೆ ಅಲ್ಲ, ಅರ್ಧ ಡಿಗ್ರಿ ಅಗಲದ ತಟ್ಟೆ, ತಟ್ಟೆ ಎಷ್ಟು ಮುಚ್ಚಿದೆಯೋ ಅಷ್ಟು ಮಂಕಾಗಬೇಕು. ಮರದ ಎಲೆ ಹಿಂದೆ ಸೂರ್ಯ ಇದ್ದಾಗ ಫ್ಲೇರ್ ನಡುಗುತ್ತಲ್ಲ, ಆ ನಡುಕ ಒಂದು ಇದ್ದರೆ ಸಾಕು ಜನ ಅರ್ಧ ನಂಬಿಬಿಡ್ತಾರೆ. ಆದ್ರೆ ಘೋಸ್ಟ್‌ಗಳು ಮಾತ್ರ ನೌಕೆ ಹಿಂದೆ ಹೋಗಬಾರದು! ಅವು ಇರೋದು ಲೆನ್ಸ್ ಒಳಗೆ, ಎಲ್ಲದರ ಮೇಲೂ ಬೀಳಬೇಕು. ಇದನ್ನ ತಪ್ಪು ಮಾಡೋವ್ರನ್ನ ನೋಡಿ ನೋಡಿ ಸಾಕಾಗಿದೆ.

ಪಿಕ್ಸೆಲ್_ಪುಟ್ಟಿ
ಗ್ರೇನ್ (ಚಿತ್ರದ ಮೇಲೆ ಕಾಣೋ ಸಣ್ಣ ಕಾಳು ಕಾಳು) ಮರೆತ್ರಿ ಮೇಷ್ಟ್ರೇ. ಎಲ್ಲಾ ಮಾಡಿ ಕೊನೇಲಿ ಗ್ರೇನ್ ಮೇಲೆ ಫ್ಲೇರ್ ಹಾಕ್ತಾರೆ, ಫ್ಲೇರ್ ಮಾತ್ರ ಪ್ಲಾಸ್ಟಿಕ್ ಥರ ನುಣ್ಣಗೆ ಕಾಣುತ್ತೆ.

ನೋಡ್_ಮೇಷ್ಟ್ರು
ಹೌದಮ್ಮಾ ಸರಿ. ಬೆಳಕು ಮೊದಲು ಗಾಜು ದಾಟುತ್ತೆ, ಆಮೇಲೆ ಸೆನ್ಸರ್. ಕಂಪೋಸಿಟಿಂಗ್‌ನಲ್ಲೂ ಅದೇ ಕ್ರಮ, ನಾಯ್ಸು ಗ್ರೇನು ಫ್ಲೇರ್ ಆದ್ಮೇಲೆ.

ಕ್ಯಾಮೆರಾ_ಕಣ್ಣು
ಸೆನ್ಸರ್ ಅಂದಾಗ ನೆನಪಾಯ್ತು, ಡಿಜಿಟಲ್ ಕ್ಯಾಮೆರಾಗಳಲ್ಲಿ ಸೆನ್ಸರ್ರೇ ಬೆಳಕನ್ನ ಹಿಂದಿನ ಗಾಜಿಗೆ ವಾಪಸ್ ಹೊಡೆದು ಕೆಂಪು ಚುಕ್ಕೆಗಳ ಜಾಲರಿ ಥರ ಒಂದು ಫ್ಲೇರ್ ಬರುತ್ತೆ ಕೆಲವೊಮ್ಮೆ. ಸೆಟ್‌ನಲ್ಲಿ ಅದನ್ನ ಕಂಡ್ರೆ ಎಲ್ರಿಗೂ ಸಿಟ್ಟು. ಅದನ್ನ ಯಾರೂ ಸಿಜಿಲಿ ಬೇಕು ಅಂತ ಹಾಕಿದ್ದು ನಾನು ನೋಡಿಲ್ಲ. ಅಂದ್ರೆ ನಮಗೆ ಬೇಕಾಗಿರೋದು ಎಲ್ಲಾ ದೋಷಾನೂ ಅಲ್ಲ, ಚೆಂದ ಕಾಣೋ ದೋಷ ಮಾತ್ರ.

ಸುಮ್ನೆ_ಪ್ರೇಕ್ಷಕ
ಅದೇ ನಾನು ಹೇಳ್ತಿರೋದು! ಇದು ರಿಯಲಿಸಂ ಅಲ್ಲ, ಮೇಕಪ್ಪು. 2009ರ ಸ್ಟಾರ್ ಟ್ರೆಕ್ ನೋಡಿದ್ರೆ ಮಾತಾಡೋವ್ರ ಮುಖಾನೇ ಕಾಣಲ್ಲ, ನಿರ್ದೇಶಕ ಅಬ್ರಾಮ್ಸ್ ಅವರೇ ಆಮೇಲೆ ಅತಿಯಾಯ್ತು ಅಂತ ಒಪ್ಕೊಂಡ್ರು. ಸಿಜಿ ವೀಕ್ ಇರೋ ಕಡೆ ಫ್ಲೇರ್ ಹಾಕಿ ಮುಚ್ಚಿಬಿಡ್ತಾರೆ ಅಂತ ನನ್ನ ಗುಮಾನಿ.

ಕ್ಯಾಮೆರಾ_ಕಣ್ಣು
ಒಂದು ನಿಮಿಷ ಗುರೂ, ಆ ಉದಾಹರಣೆ ಉಲ್ಟಾ ಹೊಡೆಯುತ್ತೆ. ಅದರಲ್ಲಿ ಸೆಟ್‌ನಲ್ಲಿ ತೆಗೆದ ಫ್ಲೇರೇ ಜಾಸ್ತಿ. ಛಾಯಾಗ್ರಾಹಕ ಡ್ಯಾನ್ ಮಿಂಡೆಲ್, ಅನಾಮಾರ್ಫಿಕ್ ಲೆನ್ಸು (ಅಗಲದ ಚಿತ್ರಾನ ಅಡ್ಡಕ್ಕೆ ಹಿಂಡಿ ತೆಗೆಯೋದು), ಫ್ರೇಮಿನ ಹೊರಗೆ ನಿಂತು ಪವರ್‌ಫುಲ್ ಟಾರ್ಚನ್ನ ಬೇಕಂತಲೇ ಲೆನ್ಸಿಗೆ ಹಿಡಿದಿದ್ದು. ಪೂರ್ತಿ ಸಿಜಿ ಇರೋ ಅಂತರಿಕ್ಷದ ಶಾಟ್‌ಗಳಿಗೆ ಐಎಲ್‌ಎಂ ಅನ್ನೋ ವಿಎಫ್‌ಎಕ್ಸ್ ಕಂಪನಿಯವ್ರು ಅದಕ್ಕೆ ಹೊಂದೋ ಫ್ಲೇರ್ ಮಾಡಬೇಕಾಯ್ತು, ಇಲ್ಲಾಂದ್ರೆ ಒಳಗಿನ ದೃಶ್ಯ ಒಂದು ಕ್ಯಾಮೆರಾದ್ದು, ಹೊರಗಿನ ದೃಶ್ಯ ಇನ್ನೊಂದರದ್ದು ಅನ್ಸ್ತಿತ್ತು. ಅತಿಯಾಯ್ತು ಅನ್ನೋದು ಬೇರೆ ಮಾತು, ನಾನೂ ಒಪ್ತೀನಿ. ಆದ್ರೆ ನಕಲಿ ಅನ್ನೋಕಾಗಲ್ಲ.

ನೋಡ್_ಮೇಷ್ಟ್ರು
ಮುಚ್ಚೋಕೆ ಹಾಕ್ತಾರೆ ಅನ್ನೋದು ಪೂರ್ತಿ ಸುಳ್ಳಲ್ಲ ಪ್ರೇಕ್ಷಕರೇ, ನಾನೂ ಡೆಡ್‌ಲೈನ್ ಹಿಂದಿನ ರಾತ್ರಿ ಕೆಟ್ಟ ಎಡ್ಜ್ ಮೇಲೆ ಒಂದು ದೊಡ್ಡ ಬ್ಲೂಮ್ ಕೂರಿಸಿದೀನಿ, ಈ ಕೆಲ್ಸದಲ್ಲಿರೋ ಎಲ್ರೂ ಮಾಡಿರ್ತಾರೆ. ಆದ್ರೆ ಮೇಕಪ್ ಅನ್ನೋದನ್ನ ನಾನು ಒಪ್ಪಲ್ಲ. ಎದುರು ಬೆಳಕಿದ್ದಾಗ ಲೆನ್ಸ್ ಒಳಗೆ ಚದುರಿದ ಬೆಳಕು ಇಡೀ ಚಿತ್ರದ ಮೇಲೆ ತೆಳ್ಳಗೆ ಹರಡಿ ಕಪ್ಪನ್ನ ಬೂದು ಮಾಡುತ್ತೆ, ವೇಲಿಂಗ್ ಗ್ಲೇರ್ ಅಂತೀವಿ. ಅದು ಯಾರ ಕಣ್ಣಿಗೂ ಫ್ಲೇರ್ ಅಂತ ಕಾಣಲ್ಲ, ಯಾರೂ ಅದನ್ನ ಹೊಗಳಲ್ಲ, ಆದ್ರೆ ಅದಿಲ್ಲದೇ ಸಿಜಿ ವಸ್ತುವಿನ ಕಪ್ಪು ಪ್ಲೇಟಿನ ಕಪ್ಪಿಗಿಂತ ಆಳ ಇದ್ದರೆ ಕತ್ತರಿಸಿ ಅಂಟಿಸಿದ್ದು ಅಂತ ತಕ್ಷಣ ಗೊತ್ತಾಗುತ್ತೆ. ನನ್ನ ಪ್ರಕಾರ ಈ ಮಬ್ಬು ಸರಿ ಇದ್ದು ಘೋಸ್ಟ್ ಒಂದೂ ಇಲ್ಲದಿದ್ರೂ ಶಾಟ್ ನಿಲ್ಲುತ್ತೆ. ಉಲ್ಟಾ ಮಾಡಿದ್ರೆ ಬೀಳುತ್ತೆ. ಎಲ್ರೂ ಪ್ಲಗಿನ್ ಕೊಳ್ಳೋದು ಘೋಸ್ಟ್‌ಗೋಸ್ಕರ!

1998ರ ಸೇವಿಂಗ್ ಪ್ರೈವೇಟ್ ರಯಾನ್‌ಗೆ ಛಾಯಾಗ್ರಾಹಕ ಯಾನುಷ್ ಕಮಿನ್ಸ್ಕಿ ಲೆನ್ಸ್ ಕೋಟಿಂಗನ್ನೇ ತೆಗೆಸಿದ್ರು, ಇದೇ ಮಬ್ಬು ಬೇಕು, ಕಾಂಟ್ರಾಸ್ಟ್ ಇಳೀಬೇಕು ಅಂತ. ಕಷ್ಟಪಟ್ಟು ಕಂಡುಹಿಡಿದ ಕೋಟಿಂಗನ್ನ ಕಾಸು ಕೊಟ್ಟು ಕೆರೆಸಿದ್ದು.

ಪಿಕ್ಸೆಲ್_ಪುಟ್ಟಿ
ಪೂರ್ತಿ ಅನಿಮೇಶನ್‌ನಲ್ಲೂ ಇದೇ ಕೆಲ್ಸ ಮಾಡಿದ್ದಾರೆ. 2008ರ ವಾಲ್-ಈಗೆ ಪಿಕ್ಸಾರ್‌ನವ್ರು ಛಾಯಾಗ್ರಾಹಕ ರೋಜರ್ ಡೀಕಿನ್ಸ್‌ರನ್ನ ಕರೆಸಿ ಸಲಹೆ ತಗೊಂಡ್ರು, ನಿಜವಾದ ಪ್ಯಾನಾವಿಷನ್ ಕ್ಯಾಮೆರಾ ತಂದು ಟೆಸ್ಟ್ ಶೂಟ್ ಮಾಡಿ ತಮ್ಮ ಕಂಪ್ಯೂಟರ್ ಕ್ಯಾಮೆರಾ ಜೊತೆ ಹೋಲಿಸಿ ನೋಡಿದ್ರು. ಅಲ್ಲಿ ಯಾವ ಪ್ಲೇಟ್‌ಗೂ ಮ್ಯಾಚ್ ಮಾಡೋ ಅಗತ್ಯ ಇರ್ಲಿಲ್ಲ. ಆದ್ರೂ ಆ ಕಸದ ರಾಶಿ ಮಧ್ಯ ಯಾರೋ ಕ್ಯಾಮೆರಾ ಹಿಡ್ಕೊಂಡು ನಿಂತಿದ್ದಾರೆ ಅನ್ನೋ ಭಾವ ಬೇಕಿತ್ತು ಅವ್ರಿಗೆ. ಪ್ರೇಕ್ಷಕರು ಹೇಳೋ ಇಲ್ಲದ ಲೆನ್ಸ್ ಅಂದ್ರೆ ಇದೇ, ಮತ್ತೆ ಅದು ಕೆಲ್ಸ ಮಾಡುತ್ತೆ.

ಸುಮ್ನೆ_ಪ್ರೇಕ್ಷಕ
ಸರಿ ಅದಕ್ಕೆ ಒಪ್ಪಿದೆ, ಅದು ನಂಗೂ ಇಷ್ಟ. ಗೇಮ್‌ಗೆ ಮಾತ್ರ ಒಪ್ಪಲ್ಲ.

ತ್ರೀಡಿ_ಹುಚ್ಚ
ಅಪ್ಡೇಟ್. ಇಎಕ್ಸ್‌ಆರ್‌ನಲ್ಲಿ ಮತ್ತೆ ರೆಂಡರ್ ಹಾಕ್ದೆ, ಸೂರ್ಯನ ಬೆಲೆ ಭಾರೀ ಏರಿಸ್ದೆ, ಪ್ರಿಸೆಟ್ ಬಿಸಾಕಿ ನಾಲ್ಕೇ ಘೋಸ್ಟ್ ಇಟ್ಟು ಎರಡನ್ನ ಕಾಣೋ ಕಾಣದಷ್ಟು ಮಂಕು ಮಾಡ್ದೆ, ವೇಲಿಂಗ್ ಗ್ಲೇರ್‌ಗೆ ಸೂರ್ಯನ್ನೇ ಸಿಕ್ಕಾಪಟ್ಟೆ ದೊಡ್ಡ ಬ್ಲರ್ ಮಾಡಿ ಸ್ವಲ್ಪವೇ ಸ್ವಲ್ಪ ಕೂಡ್ಸಿದೆ. ಮೇಷ್ಟ್ರೇ ನೀವು ಹೇಳಿದ್ದು ನಿಜ, ಅದೊಂದರಿಂದಲೇ ನೌಕೆ ಸೀನ್ ಒಳಗೆ ಕೂತ್ಕೊಳ್ತು. ಆದ್ರೆ ಇನ್ನೂ ಏನೋ ಸರಿ ಇಲ್ಲ. ಜೊತೆಗೆ ಅನಾಮಾರ್ಫಿಕ್ ನೀಲಿ ಗೆರೆನೂ ಒಂದು ಬೇಕು ಅನ್ಸಿದೆ, ನೌಕೆ ಸ್ವಲ್ಪ ವಾಲುತ್ತೆ, ಗೆರೆನೂ ಅದರ ಜೊತೆ ವಾಲಿಸ್ಲಾ?

ಕ್ಯಾಮೆರಾ_ಕಣ್ಣು
ಅಯ್ಯೋ ಬೇಡ ಮಾರಾಯ. ಆ ಗೆರೆ ಬರೋದು ಲೆನ್ಸಿನಲ್ಲಿರೋ ಸಿಲಿಂಡರ್ ಆಕಾರದ ಗಾಜಿಂದ, ಬೆಳಕು ಒಂದೇ ದಿಕ್ಕಿಗೆ ಎಳೆಯುತ್ತೆ. ಗಾಜು ಕ್ಯಾಮೆರಾಗೆ ಫಿಕ್ಸು. ನೌಕೆ ವಾಲಲಿ, ಕ್ಯಾಮೆರಾನೇ ವಾಲಲಿ, ಗೆರೆ ಫ್ರೇಮಿಗೆ ಅಡ್ಡಡ್ಡಾನೇ ಇರುತ್ತೆ. ಗೆರೆ ಹಾಕಿದ್ರೆ ಬೊಕೆನೂ (ಫೋಕಸ್ ತಪ್ಪಿದ ದೀಪದ ಮಬ್ಬು ಮಚ್ಚೆ) ಉದ್ದುದ್ದ ಮೊಟ್ಟೆ ಆಕಾರ ಆಗಬೇಕು, ದುಂಡಗೆ ಇರಬಾರದು.

ಗಾಜುಗಣಿತ
ಘೋಸ್ಟ್ ಸಾಲೂ ಬದಲಾಗುತ್ತೆ. ಅನಾಮಾರ್ಫಿಕ್‌ನಲ್ಲಿ ಅಡ್ಡಕ್ಕೂ ಉದ್ದಕ್ಕೂ ಲೆನ್ಸಿನ ಶಕ್ತಿ ಬೇರೆ ಬೇರೆ, ಹಂಗಾಗಿ ಎಲ್ಲಾ ಘೋಸ್ಟೂ ಮಧ್ಯಬಿಂದುವಿನ ಗೆರೆ ಮೇಲೆ ಕೂರಲ್ಲ. ನೀಲಿ ಗೆರೆ ಮತ್ತೆ ನೆಟ್ಟಗಿನ ಘೋಸ್ಟ್ ಸಾಲು ಎರಡನ್ನೂ ಒಟ್ಟಿಗೆ ಹಾಕೋ ಪ್ರಿಸೆಟ್‌ಗಳು ತುಂಬಾ ಇವೆ, ನಂಬಬೇಡಿ. ನಿಮ್ಮ ಶಾಟ್‌ಗೆ ಮಾಮೂಲಿ ಲೆನ್ಸೇ ಸಾಕು ಅನ್ಸುತ್ತೆ.

ನೋಡ್_ಮೇಷ್ಟ್ರು
ಇನ್ನೂ ಏನೋ ಸರಿ ಇಲ್ಲ ಅಂದ್ರಲ್ಲ, ಅದು ಫ್ಲೇರ್ ಅಲ್ಲ. ನಕ್ಷತ್ರ. ಬಿಸಿಲು ಬಿದ್ದ ನೌಕೆಗೆ ತಕ್ಕಂಗೆ ಎಕ್ಸ್‌ಪೋಷರ್ (ಕ್ಯಾಮೆರಾಗೆ ಬಿಡೋ ಬೆಳಕಿನ ಅಳತೆ) ಇಟ್ರೆ ಹಿಂದಿನ ನಕ್ಷತ್ರ ಕ್ಯಾಮೆರಾಗೆ ಸಿಗಲ್ಲ, ಅಷ್ಟು ಮಂಕು ಅವು. ಅಪೋಲೋ ಯಾತ್ರೆಗಳ ಫೋಟೋ ತೆಗೆದು ನೋಡಿ, ನಾಸಾ ಎಲ್ಲಾ ಬಿಟ್ಟಿ ಇಟ್ಟಿದೆ. ಆಕಾಶ ಕಡುಗಪ್ಪು, ಒಂದೂ ನಕ್ಷತ್ರ ಇಲ್ಲ, ಸೂರ್ಯನ ಕಡೆ ತಿರುಗಿಸಿ ತೆಗೆದದ್ರಲ್ಲಿ ಫ್ಲೇರ್ ಧಾರಾಳ. ಚಂದ್ರನ ಮೇಲೆ ಬಳಸಿದ್ದು ಹ್ಯಾಸಲ್‌ಬ್ಲಾಡ್ ಕ್ಯಾಮೆರಾಗೆ ಝೈಸ್ ಬಯೋಗಾನ್ 60 ಎಂಎಂ. ಅಲ್ಲಿ ಗಾಳಿ ಇಲ್ಲ, ಮಂಜಿಲ್ಲ, ಧೂಳಿನ ಪ್ರಭೆ ಇಲ್ಲ, ಸೂರ್ಯನ ಸುತ್ತ ಕಾಣೋ ಹೊಳಪೆಲ್ಲಾ ಬರೀ ಲೆನ್ಸಿಂದಲೇ ಬಂದಿದ್ದು. ಅಂತರಿಕ್ಷದ ಶಾಟ್‌ಗೆ ಇದಕ್ಕಿಂತ ಒಳ್ಳೇ ರೆಫರೆನ್ಸ್ ಸಿಗಲ್ಲ.

ತ್ರೀಡಿ_ಹುಚ್ಚ
ನಕ್ಷತ್ರ ತೆಗೆದ್ರೆ ಬೋರ್ ಆಗಲ್ವಾ, ಬರೀ ಕಪ್ಪು?

ಪಿಕ್ಸೆಲ್_ಪುಟ್ಟಿ
ಆಗುತ್ತೆ. ಅದಕ್ಕೆ ಸೂರ್ಯ ಮೇಲೆ ಬರೋಕೆ ಮುಂಚೆ ಕತ್ತಲಲ್ಲಿ ಸ್ವಲ್ಪ ನಕ್ಷತ್ರ ಇಟ್ಟು, ಸೂರ್ಯ ಬಂದಂಗೆ ಎಕ್ಸ್‌ಪೋಷರ್ ಇಳಿಸಿ ಅವನ್ನ ಮುಳುಗಿಸಿ. ಯಾರೋ ಐರಿಸ್ (ಅಪರ್ಚರ್ ಬ್ಲೇಡುಗಳು) ಮುಚ್ಚಿದಂಗಿರುತ್ತೆ, ಆಟೋ ಎಕ್ಸ್‌ಪೋಷರ್ ಥರ ಜರ್ಕ್ ಮಾತ್ರ ಹೊಡೀಬಾರದು.

ಗಾಜುಗಣಿತ
ಹಂಗೆ ಐರಿಸ್ ಮುಚ್ಚಿದ್ರೆ ಘೋಸ್ಟ್ ಕೂಡ ದುಂಡಗಿಂದ ಬಹುಭುಜಕ್ಕೆ ತಿರುಗಬೇಕು, ಚಿಕ್ಕದಾಗಬೇಕು, ಮೊನೆಗಳು ಚೂಪಾಗಬೇಕು. ಸುಮ್ನೆ ಹೇಳ್ದೆ.

ಪಿಕ್ಸೆಲ್_ಪುಟ್ಟಿ
ಸರ್ ನೀವು ಬಿಡಲ್ಲ ಅಲ್ವಾ 😄

ಗಾಜುಗಣಿತ
ಇನ್ನೊಂದೇ ಒಂದು. ನಿಮ್ಮ ಗ್ರಹಕ್ಕೆ ವಾತಾವರಣ ಇದೆ ಅಲ್ವಾ ತ್ರೀಡಿ_ಹುಚ್ಚ? ಅಂಚಿನಲ್ಲಿ ನೀಲಿ ಪದರ ಕಾಣ್ತಿದೆ. ಹಂಗಿದ್ರೆ ಮೊದಲ ಸ್ವಲ್ಪ ಫ್ರೇಮ್‌ಗಳಲ್ಲಿ ಸೂರ್ಯನ ಬೆಳಕು ಆ ಪದರ ಸೀಳ್ಕೊಂಡು ಕೆಂಪಗೆ ಬರುತ್ತೆ, ಆಗ ಫ್ಲೇರೂ ಕೆಂಪು, ಮಬ್ಬೂ ಕೆಂಪು, ಎಲ್ಲಾ ತೀರಾ ಕಮ್ಮಿ. ಪದರ ದಾಟಿದ ಮೇಲೆ ಬಿಳಿಗೆ ತಿರುಗಿ ಒಮ್ಮೆಲೇ ಏರುತ್ತೆ. ನಿಮ್ಮದ್ರಲ್ಲಿ ಮೊದಲ ಫ್ರೇಮಿಂದಲೂ ಬಿಳಿನೇ ಇದೆ.

ತ್ರೀಡಿ_ಹುಚ್ಚ
ಅಯ್ಯೋ ಹೌದಲ್ವಾ. ರೆಂಡರ್‌ನಿಂದ ಸೂರ್ಯನ ಬಣ್ಣ ಫ್ರೇಮ್ ಫ್ರೇಮ್‌ಗೂ ತೆಗೆದು ಫ್ಲೇರ್‌ಗೆ ಲಿಂಕ್ ಮಾಡೋಕಾಗುತ್ತಾ?

ನೋಡ್_ಮೇಷ್ಟ್ರು
ಆಗುತ್ತೆ. ಸೂರ್ಯ ಇರೋ ಜಾಗದ ಸುತ್ತ ಸಣ್ಣ ಚೌಕದಲ್ಲಿ ಬೆಲೆ ಸ್ಯಾಂಪಲ್ ಮಾಡಿ, ಸರಾಸರಿನ ಫ್ಲೇರಿನ ಬಣ್ಣಕ್ಕೂ ತೀವ್ರತೆಗೂ ಕೊಡಿ. ಗ್ರೇನ್ ಹಾಕೋಕೆ ಮುಂಚಿನ ಇಮೇಜಿಂದ ತಗೊಳ್ಳಿ, ಇಲ್ಲಾಂದ್ರೆ ಸುಮ್ಮಸುಮ್ನೆ ನಡುಗುತ್ತೆ. ನೌಕೆ ಅಡ್ಡ ಬಂದಾಗಲೂ ಅದೇ ಸ್ಯಾಂಪಲ್ ತಾನಾಗೇ ಇಳಿಯುತ್ತೆ, ಮರೆ ಮಾಡೋಕೆ ಬೇರೆ ಕೀಫ್ರೇಮ್ ಬೇಡ.

ತ್ರೀಡಿ_ಹುಚ್ಚ
ಸೂಪರ್. ರಾತ್ರಿ ರೆಂಡರ್ ಹಾಕಿ ಮಲಗ್ತೀನಿ, ನಾಳೆ ಹಾಕ್ತೀನಿ ಇಲ್ಲಿ.